ಎಳೆಯ ಹೇಂಟೆಗಳು ತತ್ತಿಯಿಡುವ ಮುನ್ನ ತೋರುವ ಲಕ್ಷಣಗಳು

(ಸಂಗೊಳ್ಳಿಯ ರೈತರಿಗೂ ಗೃಹಿಣಿಯರಿಗೂ ಹೇಳಿದ ಉಪನ್ಯಾಸದ ಪಾಠ)



ಸಂಗೊಳ್ಳಿಯು ರಾಯಣ್ಣನ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾದ ಗ್ರಾಮ. ಬೈಲಹೊಂಗಲ ತಾಲ್ಲೂಕಿನ ಈ ಗ್ರಾಮವೂ ಮಲಪ್ರಭೆಯ ಆಸುಪಾಸಿನ ಇದರ ನೆರೆಯ ಗ್ರಾಮಗಳೂ ಬಹುಮಟ್ಟಿಗೆ ಎರೆ ಭೂಮಿಯನ್ನು ನೆಚ್ಚಿಕೊಂಡಿವೆ. ಜೋಳ, ಹತ್ತಿ, ಕಡಲೆ, ಗೋದಿ, ಇತ್ತೀಚಿನ ದಶಕಗಳಲ್ಲಿ ಸೋಯಾ, ನೀರಿನ ಅನುಕೂಲವಿರುವಲ್ಲಿ ಕಬ್ಬು, ಇವುಗಳ ಲೆಕ್ಕವನ್ನು ಮನೆಯ ಯಜಮಾನನು ಇಟ್ಟುಕೊಂಡಿರುತ್ತಾನೆ. ಹಿತ್ತಲಿನ ಐದಾರು ಕೋಳಿಗಳ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಅದು ಮನೆಯ ಹೆಣ್ಣುಮಗಳ ಸೆರಗಿನ ಗಂಟಿನಲ್ಲಿರುವ ಲೆಕ್ಕ. ಮಗುವಿನ ಪುಸ್ತಕಕ್ಕೂ, ಸಂತೆಯ ಉಪ್ಪು ಮೆಣಸಿಗೂ, ಅಕಸ್ಮಾತ್ತಾಗಿ ಬಂದ ಜ್ವರದ ಔಷಧಕ್ಕೂ ಕೈಗೆ ಒದಗುವ ಹಣವು ಅನೇಕ ಮನೆಗಳಲ್ಲಿ ಇದೇ ಆಗಿರುತ್ತದೆ.

ಕೋಳಿ ಸಾಕುವ ಮನೆಗಳಲ್ಲಿ ವರ್ಷವರ್ಷವೂ ನಡೆಯುವ ಒಂದು ನಷ್ಟವುಂಟು. ಅದು ರೋಗದಿಂದ ಆಗತಕ್ಕದ್ದಲ್ಲ. ಬೆಕ್ಕು ಮುಂಗುಸಿಗಳಿಂದ ಆಗತಕ್ಕದ್ದೂ ಅಲ್ಲ. ತಾಯಿಕೋಳಿಯೊಂದು ಹನ್ನೆರಡು ಮರಿಗಳನ್ನು ಎಬ್ಬಿಸಿತೆಂದು ಭಾವಿಸಬಹುದು. ಹದ್ದು ಕಾಗೆಗಳ ಪಾಲು ಕಳೆದು, ರೋಗದ ಪಾಲು ಕಳೆದು, ಐದಾರು ತಿಂಗಳ ಹೊತ್ತಿಗೆ ಐದು ಉಳಿದರೆ, ಅವುಗಳಲ್ಲಿ ಹೇಂಟೆಗಳು ಎರಡೋ ಮೂರೋ ಇರುವುವು. ಮೈ ತುಂಬಿಕೊಂಡು ಗರಿ ಮಿನುಗುವ ಆ ಸಮಯಕ್ಕೆ ಸರಿಯಾಗಿ ಕೋಳಿಯ ವ್ಯಾಪಾರಿಯು ಬಾಗಿಲಿಗೆ ಬರುತ್ತಾನೆ. “ಅಕ್ಕಾರ, ಕೋಳಿ ದಪ್ಪ ಆಗೇತಿ, ತತ್ತಿ ಮಾತ್ರ ಇಲ್ಲ. ಇದನ್ನ ಇಟಗೊಂಡು ಏನ್ ಮಾಡ್ತೀರಿ?” ಎನ್ನುತ್ತಾನೆ. ಆಕೆಗೂ ಅದೇ ಸಂದೇಹ. ಹೇಂಟೆಯು ಕಾಳು ತಿನ್ನುತ್ತಿದೆ, ತತ್ತಿ ಕಾಣುತ್ತಿಲ್ಲ. ಹತ್ತು ದಿನದಲ್ಲಿ ಮೊದಲ ತತ್ತಿಯನ್ನು ಇಡಬೇಕಾಗಿದ್ದ ಕೋಳಿಯು ಹೀಗೆ ವ್ಯಾಪಾರಿಯ ಬುಟ್ಟಿಗೆ ಸೇರುತ್ತದೆ. ಇಲ್ಲವೇ ಬೀಗರು ಬಂದ ದಿನ ಅಡಿಗೆಗೆ ಹೋಗುತ್ತದೆ. ಕೊಯ್ದಾಗ ಹೊಟ್ಟೆಯೊಳಗೆ ದ್ರಾಕ್ಷಿಯ ಗೊಂಚಲಿನಂತೆ ಹಳದಿಯ ಉಂಡೆಗಳು ಕಂಡು, ಕೊಯ್ದವರೇ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಆ ಹೇಂಟೆಯ ಬೆಲೆಯನ್ನು ಹೀಗೆ ನೋಡಬೇಕು. ಜವಾರಿ ಹೇಂಟೆಯು ಸರದಿಯೊಂದಕ್ಕೆ 10ರಿಂದ 15 ತತ್ತಿಗಳನ್ನಿಟ್ಟು ಕಾವಿಗೆ ಕೂಡುತ್ತದೆ. ವರ್ಷಕ್ಕೆ ಇಂಥ ಮೂರು ನಾಲ್ಕು ಸರದಿಗಳು ಸಿಕ್ಕುವುವು. ಅಂದರೆ 50ರ ಆಸುಪಾಸಿನ ತತ್ತಿಗಳು, ಅಥವಾ ಅವುಗಳಲ್ಲಿ ಕೆಲವನ್ನು ಕಾವಿಗಿಟ್ಟರೆ ಇನ್ನೆರಡು ಹಿಂಡು ಮರಿಗಳು. ಮಾರಿದವರಿಗೆ ಒಂದು ಸಲದ ಮಾಂಸದ ಬೆಲೆ ಮಾತ್ರ ದಕ್ಕುತ್ತದೆ. ಐದಾರು ತಿಂಗಳು ಸಾಕಿದ ಶ್ರಮವೆಲ್ಲ ಅವರದು, ಫಲವು ಇನ್ನೊಬ್ಬರದು. ಆದಕಾರಣ ಹೇಂಟೆಯನ್ನು ಮಾರುವುದೋ ಉಳಿಸುವುದೋ ಎಂಬ ನಿರ್ಣಯಕ್ಕೆ ಮೊದಲು, ಅದು ತತ್ತಿಗೆ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಕಣ್ಣಿನಿಂದಲೂ ಕೈಯಿಂದಲೂ ತಿಳಿದುಕೊಳ್ಳುವ ಕ್ರಮವನ್ನು ಕಲಿಯುವುದು ಅವಶ್ಯವಾಗಿದೆ. ಇದಕ್ಕೆ ಯಂತ್ರವಾಗಲಿ ಖರ್ಚಾಗಲಿ ಬೇಕಿಲ್ಲ.

ಮೊದಲು ವಯಸ್ಸಿನ ಮಾತು. ಎಲ್ಲ ಹೇಂಟೆಗಳಿಗೂ ಒಂದೇ ವಯಸ್ಸನ್ನು ಹೇಳುವುದು ತಪ್ಪು. ದೊಡ್ಡ ಫಾರಮುಗಳಲ್ಲಿ ಸಾಕುವ ಬಿಳಿಯ ಲೆಗ್‌ಹಾರ್ನ್ ಸಂತತಿಯ ಕೋಳಿಗಳು 18ರಿಂದ 20 ವಾರಗಳಲ್ಲಿಯೇ ತತ್ತಿಯಿಡಲು ತೊಡಗುವುವು. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆಯಿಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳಿಗೆ ಐದೂವರೆ ತಿಂಗಳ ಮೇಲಾಗುವುದು ಸಾಮಾನ್ಯ. ಈ ಸೀಮೆಯ ಜವಾರಿ ಹೇಂಟೆಗೆ ಆರು ತಿಂಗಳಿಂದ ಏಳು ತಿಂಗಳು, ಮೇವು ಕಡಮೆಯಾದರೆ ಎಂಟು ತಿಂಗಳೂ ಆಗಬಹುದು. ನೆರೆಮನೆಯ ಬಿಳಿಯ ಕೋಳಿಯು ಐದನೆಯ ತಿಂಗಳಲ್ಲಿ ಇಟ್ಟಿತೆಂದು ತನ್ನ ಜವಾರಿ ಹೇಂಟೆಯನ್ನು ಬಂಜೆಯೆಂದು ಹಳಿಯುವುದು, ಗೋವಿನಜೋಳದ ಪೈರನ್ನು ನೋಡಿ ತೊಗರಿಯನ್ನು ಬಯ್ದಂತೆ. ಮರಿ ಒಡೆದ ದಿನವನ್ನು ಗೋಡೆಯ ಮೇಲೆ ಇದ್ದಲಿನಿಂದ ಬರೆದಿಟ್ಟುಕೊಂಡರೆ ಈ ವಾದವೇ ಹುಟ್ಟುವುದಿಲ್ಲ. ಬಹುಮಂದಿ ಈ ಚಿಕ್ಕ ಕೆಲಸವನ್ನು ಮಾಡುವುದಿಲ್ಲ; ಆದುದರಿಂದ ಹೇಂಟೆಯ ವಯಸ್ಸು ಕೇಳಿದರೆ “ದೀಪಾವಳಿಯ ಮರಿ” ಎಂಬಷ್ಟೇ ಉತ್ತರ ಸಿಕ್ಕುವುದು. ಅಷ್ಟಾದರೂ ಏನೂ ಇಲ್ಲದಿರುವುದಕ್ಕಿಂತ ಮೇಲು.

ಹೊರಗಿನ ಲಕ್ಷಣಗಳ ಅರ್ಥವು ತಿಳಿಯಬೇಕಾದರೆ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ಸ್ವಲ್ಪ ಅರಿತಿರಬೇಕು. ಹೇಂಟೆಗೆ ಎಡಭಾಗದ ಅಂಡಾಶಯವೊಂದೇ ಬೆಳೆಯುತ್ತದೆ. ಮರಿಯಾಗಿದ್ದಾಗಲೇ ಅದರಲ್ಲಿ ಸಾಸಿವೆಗಿಂತ ಸಣ್ಣವಾದ ಸಾವಿರಾರು ಬೀಜಾಣುಗಳಿರುತ್ತವೆ. ಹರೆಯಕ್ಕೆ ಬಂದ ಮೇಲೆ ಅವುಗಳಲ್ಲಿ ಕೆಲವು ಒಂದರ ಹಿಂದೊಂದು ದಪ್ಪವಾಗತೊಡಗುವುವು. ಹಳದಿಯ ಉಂಡೆಯೊಂದು ಪೂರ್ಣ ಗಾತ್ರಕ್ಕೆ ಬೆಳೆಯುವುದು ಕೊನೆಯ ಏಳರಿಂದ ಹತ್ತು ದಿನಗಳಲ್ಲಿ. ಅದೇ ಕಾಲಕ್ಕೆ, ಅದುವರೆಗೆ ದಾರದ ಎಳೆಯಂತಿದ್ದ ತತ್ತಿಯ ನಾಳವು ಎರಡು ಅಡಿಯಷ್ಟು ಉದ್ದಕ್ಕೆ ಬೆಳೆದು ದಪ್ಪವಾಗುತ್ತದೆ. ಹಳದಿಯು ಈ ನಾಳಕ್ಕೆ ಬಿದ್ದ ಮೇಲೆ ಬಿಳಿಯ ಲೋಳೆಯೂ ಪೊರೆಯೂ ಸುತ್ತಿಕೊಂಡು, ಕೊನೆಗೆ ಸುಣ್ಣದ ಚಿಪ್ಪು ಕಟ್ಟಿ ಹೊರಬೀಳುವುದಕ್ಕೆ ಸುಮಾರು 25 ಗಂಟೆಗಳು ಬೇಕು. ಅದರಲ್ಲಿ 20 ಗಂಟೆಗಳಷ್ಟು ಚಿಪ್ಪು ಕಟ್ಟುವುದಕ್ಕೇ ಹೋಗುತ್ತವೆ. ಇಷ್ಟೆಲ್ಲ ಸಿದ್ಧತೆಯು ಎರಡು ಮೂರು ವಾರಗಳಲ್ಲಿ ನಡೆಯುವಾಗ ಹೇಂಟೆಯ ಮುಖ, ನಡತೆ, ಹಸಿವು, ಹಿಂಭಾಗದ ಮೂಳೆ ಇವೆಲ್ಲವೂ ಬದಲಾಗದೆ ಇರುವುದಿಲ್ಲ.

ಎಲ್ಲರ ಕಣ್ಣಿಗೂ ಮೊದಲು ಬೀಳತಕ್ಕದ್ದು ಜುಟ್ಟು. ಎಳೆಯ ಹೇಂಟೆಯ ಜುಟ್ಟು ಚಿಕ್ಕದಾಗಿ, ಮಾಸಲು ನಸುಗೆಂಪಾಗಿ, ಮುಟ್ಟಿದರೆ ಒಣಗಿದಂತಿರುತ್ತದೆ. ತತ್ತಿಯ ಕಾಲವು ಸಮೀಪಿಸಿದಂತೆ ಅದು ದೊಡ್ಡದಾಗಿ, ದಾಸವಾಳದ ಕೆಂಪಿಗೆ ತಿರುಗಿ, ಮುಟ್ಟಿದರೆ ಬೆಚ್ಚಗೆ ಮೆತ್ತಗೆ ಎಣ್ಣೆ ಸವರಿದಂತಿರುವುದು. ಗದ್ದದ ಕೆಳಗಿನ ಎರಡು ಜೋಲುಗಳೂ ಹಾಗೆಯೇ. ಮುಖದ ಚರ್ಮವೂ ಕೆಂಪೇರಿ, ಕಣ್ಣು ಹೊಳಪಾಗುವುದು.

ಆದರೆ ಜುಟ್ಟೊಂದನ್ನೇ ನಂಬುವವರು ಮೋಸಹೋಗುವುದುಂಟು. ಒಂದು ಕಾರಣವೆಂದರೆ, ಅನೇಕ ಹೇಂಟೆಗಳ ಜುಟ್ಟು ಮೊದಲ ತತ್ತಿಗೆ ಒಂದೂವರೆ ತಿಂಗಳು ಮುಂಚಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಕೆಂಪಾಗುತ್ತ ಬರುವುದು. ಕೆಂಪು ಕಂಡೊಡನೆ ನಾಳೆಯೇ ತತ್ತಿಯೆಂದು ಬುಟ್ಟಿಯಿಟ್ಟು ಕಾಯುವವರಿಗೆ ಬೇಸರವೇ ಫಲ. ಇನ್ನೊಂದು, ಜವಾರಿ ಕೋಳಿಗಳಲ್ಲಿ ಜುಟ್ಟಿನ ಬಗೆಗಳು ಹಲವು. ಗರಗಸದಂತೆ ನಿಂತ ಒಂಟಿ ಜುಟ್ಟಿನ ಹೇಂಟೆಯಲ್ಲಿ ಬದಲಾವಣೆಯು ಚೆನ್ನಾಗಿ ಕಾಣುವುದು. ಕಾಳಗದ ಕೋಳಿಯ ರಕ್ತ ಬೆರೆತು, ತಲೆಗೆ ಅಂಟಿಕೊಂಡಂತಿರುವ ಗಿಡ್ಡ ಜುಟ್ಟಿನ ಹೇಂಟೆಯಲ್ಲಿ ಅದು ದೊಡ್ಡದಾಗುವುದೇ ಇಲ್ಲ, ಬಣ್ಣ ಮಾತ್ರ ಸ್ವಲ್ಪ ತಿರುಗುವುದು. ಮೈ ಮೂಳೆ ಕಪ್ಪಾದ ಕೋಳಿಗಳಲ್ಲಿ ಆ ಬಣ್ಣವೂ ತಿಳಿಯದು. ಮೂರನೆಯದಾಗಿ, ಎರಡು ಮೂರು ತಿಂಗಳಿಗೇ ಜುಟ್ಟು ಕೆಂಪಗೆ ಎದ್ದುಬಂದ ಮರಿಯು ಬಹುಶಃ ಹೇಂಟೆಯೇ ಅಲ್ಲ, ಹುಂಜ. ಹಾಗೆಯೇ ಏಳು ತಿಂಗಳಾದರೂ ಜುಟ್ಟು ಬಿಳಿಚಿಕೊಂಡೇ ಇದ್ದರೆ ಹೇಂಟೆಯನ್ನು ಬಂಜೆಯೆನ್ನುವುದಕ್ಕೆ ಮೊದಲು ಅದರ ರೆಕ್ಕೆಯ ಅಡಿಯಲ್ಲಿ ಹೇನು ಉಣ್ಣೆಗಳಿವೆಯೇ, ಹೊಟ್ಟೆಯಲ್ಲಿ ಜಂತುಗಳಿವೆಯೇ ಎಂದು ನೋಡತಕ್ಕದ್ದು. ಗೂಡಿನ ಗೋಡೆಯ ಸಂದಿಯಲ್ಲಿ ಹಗಲು ಅಡಗಿದ್ದು ರಾತ್ರಿ ರಕ್ತ ಹೀರುವ ಕೆಂಪು ನುಸಿಯು ಎಷ್ಟೋ ಹೇಂಟೆಗಳನ್ನು ತಡಮಾಡಿಸುತ್ತದೆ. ಅದನ್ನು ಕಾಣಬೇಕಾದರೆ ರಾತ್ರಿ ದೀಪ ಹಿಡಿದು ಗೂಡಿಗೆ ಹೋಗಬೇಕು.

ಗರಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಎಳವೆಯ ಗರಿಗಳು ಉದುರಿ ಹೊಸ ಗರಿ ಪೂರ್ಣವಾಗಿ ಬಂದು ಮೈಗೆ ಒತ್ತಿಕೊಂಡು ನಿಂತಿದ್ದರೆ ಬೆಳವಣಿಗೆಯು ಮುಗಿಯುತ್ತ ಬಂದಿದೆಯೆಂದು ತಿಳಿಯಬಹುದು. ಇನ್ನೂ ಗರಿ ಉದುರಿಸುತ್ತಿರುವ ಹೇಂಟೆಯಿಂದ ತತ್ತಿಯನ್ನು ಬೇಗ ನಿರೀಕ್ಷಿಸಬಾರದು.

ಬಣ್ಣಕ್ಕಿಂತ ನಡತೆಯೇ ಹೆಚ್ಚು ನಂಬತಕ್ಕ ಸಾಕ್ಷಿ. ಅದುವರೆಗೆ ಮನುಷ್ಯರು ಹತ್ತಿರ ಬಂದರೆ ಹಾರಿ ಓಡುತ್ತಿದ್ದ ಹೇಂಟೆಯು, ಒಂದು ದಿನ ಕೈಯನ್ನು ಬೆನ್ನಿನ ಕಡೆಗೆ ನೀಡಿದಾಗ ಓಡದೆ, ಮೈಯನ್ನು ತಗ್ಗಿಸಿ, ರೆಕ್ಕೆಗಳನ್ನು ತುಸು ಅಗಲಿಸಿ, ಬೆನ್ನನ್ನು ಮಣೆಯಂತೆ ಚಪ್ಪಟೆ ಮಾಡಿಕೊಂಡು ನೆಲಕ್ಕೆ ಕುಗ್ಗುತ್ತದೆ. ಇದು ಹುಂಜನನ್ನು ಸೇರಲು ಸಿದ್ಧವಾದುದರ ಗುರುತು. ಹಿಂಡಿನಲ್ಲಿ ಹುಂಜನಿಲ್ಲದಿದ್ದರೂ, ಕಾಳು ಹಾಕುವ ಕೈಯನ್ನೇ ಕಂಡು ಹೀಗೆ ಮಾಡುವುದು. ಇದನ್ನು ಕಂಡ ಮೇಲೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತತ್ತಿಯು ಬರತಕ್ಕದ್ದು. ಕೆಲವು ಹೇಂಟೆಗಳು ನಾಲ್ಕೈದು ದಿನಕ್ಕೇ ಇಡುವುವು. ಸ್ವಭಾವತಃ ಬೆದರುಕೋಳಿಯಾದದ್ದು, ಮರದ ಮೇಲೆ ರಾತ್ರಿ ಕಳೆಯುವ ಅಭ್ಯಾಸದ್ದು, ಈ ಲಕ್ಷಣವನ್ನು ತೋರದೆಯೂ ತತ್ತಿಯಿಡಬಹುದು; ಆದರೆ ತೋರಿಸಿದ ಹೇಂಟೆಯು ಸುಳ್ಳು ಹೇಳುವುದು ಅಪರೂಪ. ಬಾಗಿಲಿಗೆ ವ್ಯಾಪಾರಿ ಬಂದ ದಿನ ಬೇರೇನನ್ನು ನೋಡಲು ಅವಕಾಶವಿಲ್ಲದಿದ್ದರೂ, ಈ ಒಂದು ಪರೀಕ್ಷೆಯನ್ನಾದರೂ ಮಾಡದೆ ಹೇಂಟೆಯನ್ನು ಕೊಡಬಾರದು.

ಇದರ ಜೊತೆಗೆ ಹೇಂಟೆಯು ಜಾಗ ಹುಡುಕಲು ತೊಡಗುವುದು. ಅಡಿಗೆಮನೆಯ ಮೂಲೆ, ಕಾಳಿನ ಚೀಲದ ಹಿಂಭಾಗ, ದನದ ಕೊಟ್ಟಿಗೆಯ ಗೋದಲಿ, ಮಗುವಿನ ತೊಟ್ಟಿಲ ಕೆಳಗಿನ ಕೌದಿ, ಹೀಗೆ ಎಲ್ಲಿಯಾದರೂ ಅರೆಗತ್ತಲೆಯೂ ಮೆತ್ತನೆಯೂ ಇದ್ದಲ್ಲಿ ಇಣಿಕಿ ನೋಡಿ, ಒಳಗೆ ಕುಳಿತು, ಎದ್ದು, ಮತ್ತೆ ಕುಳಿತು ನೋಡುವುದು. ಹುಲ್ಲಿನ ಎಳೆಗಳನ್ನು ಕೊಕ್ಕಿನಿಂದೆತ್ತಿ ಬೆನ್ನಿನ ಮೇಲೆ ಎಸೆದುಕೊಳ್ಳುವುದೂ ಉಂಟು. ಕಂಠವೂ ಬದಲಾಗುವುದು: ಮರಿಯ ಪಿಯ್‌ಗುಟ್ಟುವಿಕೆ ಹೋಗಿ, ಉದ್ದವಾಗಿ ಎಳೆದು ಗೊಣಗುವ ಒಂದು ಹೊಸ ದನಿಯು ಬರುತ್ತದೆ. ಊರಿನ ಅಜ್ಜಿಯರು ಇದನ್ನು ಕೇಳಿಯೇ, ಕೋಳಿಯನ್ನು ನೋಡದೆ, ತತ್ತಿಯ ಕಾಲವನ್ನು ಹೇಳಬಲ್ಲರು. ಅವರ ಮಾತನ್ನು ಓದಿದ ಸೊಸೆಯಂದಿರು ನಗೆಯಾಡುವುದು ಸರಿಯಲ್ಲ. ಪ್ರಾಣಿಶಾಸ್ತ್ರವೂ ಇಲ್ಲಿ ಅಜ್ಜಿಯ ಪಕ್ಷದಲ್ಲಿದೆ. ಇದೇ ದಿನಗಳಲ್ಲಿ ಹೇಂಟೆಯು ಹಿಂದಿಗಿಂತ ಹೆಚ್ಚಾಗಿ ಮೇಯುವುದು, ಹೆಚ್ಚಾಗಿ ನೀರು ಕುಡಿಯುವುದು, ಗೋಡೆಯ ಸುಣ್ಣದ ಪೊರೆಯನ್ನು ಕುಕ್ಕುವುದು. ಗೋಡೆ ಕೆಡುತ್ತದೆಯೆಂದು ಓಡಿಸುವವರು ಅದು ಏನನ್ನು ಕೇಳುತ್ತಿದೆಯೆಂಬುದನ್ನು ಗಮನಿಸಬೇಕು.

ಇನ್ನು ಕೈಯ ಪರೀಕ್ಷೆ. ಕೋಳಿಯ ಬಾಲದ ಕೆಳಗೆ, ಗುದದ್ವಾರದ ಎರಡು ಪಕ್ಕಗಳಲ್ಲಿ, ಎರಡು ಸಣ್ಣ ಮೂಳೆಗಳ ತುದಿಗಳು ಬೆರಳಿಗೆ ಸಿಕ್ಕುತ್ತವೆ. ತತ್ತಿಯು ಇವುಗಳ ನಡುವೆಯೇ ಹೊರಗೆ ಬರಬೇಕು. ಎಳೆಯ ಹೇಂಟೆಯಲ್ಲಿ ಈ ಎರಡು ತುದಿಗಳ ನಡುವೆ ಒಂದು ಬೆರಳು ಹಿಡಿಸುವುದೂ ಕಷ್ಟ. ಮೂಳೆಗಳು ಬಿಗಿಯಾಗಿ ಒಂದರ ಕಡೆಗೊಂದು ಬಾಗಿರುತ್ತವೆ. ತತ್ತಿಗೆ ಎರಡು ಮೂರು ವಾರಗಳಿರುವಾಗ ಅವು ಸಡಿಲಗೊಂಡು ಅಗಲವಾಗತೊಡಗಿ, ಎರಡು ಬೆರಳುಗಳು ಹಿಡಿಸುವಷ್ಟು ಜಾಗವಾಗುವುದು. ತತ್ತಿಯಿಡುತ್ತಿರುವ ಕೋಳಿಯಲ್ಲಿ ಎರಡು ಬೆರಳು ಧಾರಾಳವಾಗಿ, ಅನೇಕ ವೇಳೆ ಮೂರು ಬೆರಳೂ ಹಿಡಿಸುವುವು. ಹಾಗೆಯೇ ಈ ಮೂಳೆಗಳಿಂದ ಎದೆಮೂಳೆಯ ಹಿಂತುದಿಯವರೆಗಿನ ಹೊಟ್ಟೆಯ ಭಾಗವು ಮೊದಲು ಗಟ್ಟಿಯಾಗಿ ಕುಗ್ಗಿದ್ದದ್ದು, ಮೂರು ನಾಲ್ಕು ಬೆರಳಗಲಕ್ಕೆ ಹಿಗ್ಗಿ, ನಾದಿದ ಹಿಟ್ಟಿನಂತೆ ಮೆತ್ತಗಾಗುವುದು. ಗುದದ್ವಾರವು ಮೊದಲು ಚಿಕ್ಕದಾಗಿ ದುಂಡಗೆ, ಒಣಗಿ ನೆರಿಗೆಗಟ್ಟಿದ್ದು, ಕ್ರಮೇಣ ಅಗಲವಾಗಿ, ಉದ್ದುದ್ದವಾಗಿ, ತೇವವಾಗಿ ಕಾಣುವುದು.

ಈ ಬೆರಳಿನ ಪರೀಕ್ಷೆಯನ್ನು ಒಂದು ಕ್ರಮವಾಗಿ ಬರೆದು ಪ್ರಸಿದ್ಧಪಡಿಸಿದವರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸೀಮೆಯ ಪೆಟಲೂಮಾ ಊರಿನ ವಾಲ್ಟರ್ ಹೋಗನ್ ಎಂಬವನು ಮುಖ್ಯನು. ಆ ಊರು 20ನೆಯ ಶತಮಾನದ ಮೊದಲ ದಶಕಗಳಲ್ಲಿ ತತ್ತಿಯ ವ್ಯಾಪಾರಕ್ಕೆ ಹೆಸರಾಗಿತ್ತು. ಸಾವಿರಾರು ಕೋಳಿಗಳಲ್ಲಿ ತತ್ತಿಯಿಡುವವುಗಳನ್ನೂ ಸುಮ್ಮನೆ ಮೇಯುವವುಗಳನ್ನೂ ಬೇರ್ಪಡಿಸಬೇಕಾಗಿದ್ದ ಆ ಜನರಿಗೆ ಇದು ದೊಡ್ಡ ಉಪಕಾರವಾಯಿತು. ಮೂಳೆಯನ್ನು ನೋಡಿ ವರ್ಷಕ್ಕೆ ಇಷ್ಟೇ ತತ್ತಿಯೆಂದು ಎಣಿಸಿ ಹೇಳಬಹುದೆಂಬ ಹೋಗನನ ಉತ್ಸಾಹವನ್ನು ಮುಂದಿನ ತಜ್ಞರು ಪೂರ್ತಿ ಒಪ್ಪಲಿಲ್ಲ. ಕೋಳಿಯು ಈಗ ಇಡುತ್ತಿದೆಯೇ, ಇಡುವ ಕಾಲಕ್ಕೆ ಬಂದಿದೆಯೇ ಎಂದು ತಿಳಿಯುವಷ್ಟರ ಮಟ್ಟಿಗೆ ಮಾತ್ರ ಅದು ಇಂದಿಗೂ ಎಲ್ಲ ದೇಶಗಳಲ್ಲಿಯೂ ಬಳಕೆಯಲ್ಲಿದೆ.

ಪರೀಕ್ಷಿಸುವಾಗ ಹೇಂಟೆಯನ್ನು ಅಟ್ಟಿ ಹಿಡಿಯಬಾರದು. ನಸುಕಿನಲ್ಲಿ ಗೂಡಿನ ಬಾಗಿಲು ತೆಗೆಯುವ ಮುಂಚೆ, ಎಡಗೈಯ ಮೇಲೆ ಅದರ ಎದೆಯನ್ನು ಇರಿಸಿ, ಕಾಲುಗಳನ್ನು ಬೆರಳುಗಳ ಸಂದಿಯಲ್ಲಿ ಹಿಡಿದು, ತಲೆಯು ಮೊಣಕೈಯ ಕಡೆಗೆ ಬರುವಂತೆ ಮಾಡಿಕೊಂಡರೆ ಅದು ಸುಮ್ಮನಿರುತ್ತದೆ. ಬಲಗೈಯ ಬೆರಳುಗಳನ್ನು ಅಡ್ಡಲಾಗಿ ಮೂಳೆಗಳ ನಡುವೆ ಇಟ್ಟು ನೋಡಬೇಕು, ಹೊಟ್ಟೆಯನ್ನು ಒತ್ತಬಾರದು. ಒಳಗೆ ತತ್ತಿಯೇನಾದರೂ ಇದ್ದು ಒಡೆದರೆ ಕೋಳಿಯೇ ಹೋಗುವುದು. ಬೆರಳುಗಳು ಒಬ್ಬೊಬ್ಬರದು ಒಂದೊಂದು ದಪ್ಪವಾದುದರಿಂದ, ಮೊದಲು ತತ್ತಿಯಿಡುತ್ತಿರುವ ಹಳೆಯ ಕೋಳಿಯೊಂದನ್ನೂ ಮೂರು ತಿಂಗಳ ಮರಿಯೊಂದನ್ನೂ ಹಿಡಿದು ನೋಡಿ, ಆಮೇಲೆ ಸಂದೇಹವಿರುವ ಹೇಂಟೆಯನ್ನು ನೋಡಿದರೆ ಕೈಗೆ ಅಳತೆ ತಿಳಿಯುತ್ತದೆ. ಎರಡು ಮೂರು ಸಲ ಮಾಡಿದ ಮೇಲೆ ಹತ್ತು ವರ್ಷದ ಹುಡುಗಿಯೂ ಇದನ್ನು ತಪ್ಪದೆ ಹೇಳಬಲ್ಲಳು.

ಕೈಯ ಪರೀಕ್ಷೆಯಿಂದ ಇನ್ನೊಂದು ಗುಟ್ಟೂ ಹೊರಬೀಳುವುದು. ಹೇಂಟೆಯ ಮೂಳೆಗಳು ಅಗಲವಾಗಿವೆ, ಗುದದ್ವಾರವು ದೊಡ್ಡದಾಗಿ ತೇವವಾಗಿ ಬಿಳಿಚಿಕೊಂಡಿದೆ. ಆದರೆ ಮನೆಯವರು ಒಂದು ತತ್ತಿಯನ್ನೂ ಕಂಡಿಲ್ಲ. ಹಾಗಿದ್ದರೆ ಆ ಹೇಂಟೆಯು ತತ್ತಿಯಿಡುವ ಕಾಲಕ್ಕೆ ಬಂದದ್ದಲ್ಲ. ಇಡುತ್ತಲೇ ಇದೆ, ಇಟ್ಟು ಬಚ್ಚಿಡುತ್ತಿದೆ. ಹಳದಿ ಕಾಲಿನ ಕೋಳಿಗಳಲ್ಲಿ ಇದು ಇನ್ನೂ ಸ್ಪಷ್ಟ. ಮೈಯಲ್ಲಿದ್ದ ಹಳದಿಯ ಬಣ್ಣವು ತತ್ತಿಯ ಹಳದಿಗೆ ಹೋಗತೊಡಗುವುದರಿಂದ ಮೊದಲು ಗುದದ್ವಾರದ ಸುತ್ತ, ಅನಂತರ ಕಣ್ಣಿನ ಅಂಚಿನಲ್ಲಿ, ಆಮೇಲೆ ಕೊಕ್ಕಿನಲ್ಲಿ, ಕೆಲವು ತಿಂಗಳುಗಳ ಮೇಲೆ ಕಾಲಿನಲ್ಲಿ ಬಣ್ಣವು ಇಳಿಯುತ್ತ ಹೋಗುವುದು. ಇದು ತತ್ತಿಗೆ ಮುಂಚಿನ ಲಕ್ಷಣವಲ್ಲ, ತತ್ತಿಯ ಅನಂತರದ್ದು. ಹಾಗಾದರೆ ತತ್ತಿಗಳೆಲ್ಲಿ? ಕಣಿಕೆಯ ಬಣವೆಯ ಬುಡದಲ್ಲಿ, ಕಬ್ಬಿನ ರವದಿಯ ರಾಶಿಯಲ್ಲಿ, ಬೇಲಿಯ ಕಳ್ಳಿಯ ಸಂದಿನಲ್ಲಿ. ಬೆಳಿಗ್ಗೆ ಹೇಂಟೆಯನ್ನು ಹೊರಗೆ ಬಿಟ್ಟು ದೂರದಿಂದ ಗಮನಿಸಿದರೆ, ಹಿಂಡನ್ನು ಬಿಟ್ಟು ಅದೊಂದೇ ಮರೆಯಾಗುವ ದಾರಿಯು ಕಾಣಿಸುವುದು. ತತ್ತಿಯಿಡುವುದು ಹೆಚ್ಚಾಗಿ ಮಧ್ಯಾಹ್ನದೊಳಗೇ ಆದುದರಿಂದ ಇದಕ್ಕಾಗಿ ದಿನವೆಲ್ಲ ಕಾಯಬೇಕಿಲ್ಲ. ಸಿಕ್ಕಿದ ತತ್ತಿಗಳೆಲ್ಲವೂ ತಿನ್ನಲು ಯೋಗ್ಯವೆಂದು ನಂಬದೆ ನೀರಿನಲ್ಲಿ ಬಿಟ್ಟು ನೋಡಬೇಕು, ತೇಲುವುದನ್ನು ಎಸೆಯತಕ್ಕದ್ದು.

ಲಕ್ಷಣಗಳನ್ನು ಗುರುತಿಸಿದ ಮೇಲೆ ಮಾಡಬೇಕಾದ ಕೆಲಸಗಳಲ್ಲಿ ಮೊದಲನೆಯದು ಸುಣ್ಣ. ಜವಾರಿ ಕೋಳಿಯ ತತ್ತಿಯು ಸುಮಾರು 40 ಗ್ರಾಂ ತೂಗುವುದಾದರೆ ಚಿಪ್ಪೇ ಅದರಲ್ಲಿ 4 ಗ್ರಾಮಿನಷ್ಟು. ಅದು ಬಹುಮಟ್ಟಿಗೆ ಶುದ್ಧ ಸುಣ್ಣದ ವಸ್ತು. ಹೇಂಟೆಯ ದೇಹವು ಮೊದಲ ತತ್ತಿಗೆ ಸುಮಾರು ಎರಡು ವಾರ ಮುಂಚೆಯೇ ಕಾಲಿನ ಉದ್ದ ಮೂಳೆಗಳ ಪೊಳ್ಳಿನೊಳಗೆ ಸುಣ್ಣವನ್ನು ಕೂಡಿಡಲು ತೊಡಗುತ್ತದೆ. ಗೋಡೆ ಕುಕ್ಕುವುದರ ಕಾರಣ ಇದೇ. ಆಗ ಹೊರಗಿನಿಂದ ಒದಗದಿದ್ದರೆ ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುವುದು. ಚಿಪ್ಪು ತೆಳುವಾಗುವುದು, ಕೋಳಿಯು ಕಾಲು ಸೋತು ಕೂಡುವುದು. ಹೊಳೆಯ ದಂಡೆಯ ಚಿಪ್ಪುಗಳನ್ನು ಕುಟ್ಟಿ ಜೋಳದ ಗಾತ್ರದ ಚೂರುಗಳನ್ನಾಗಿ ಮಾಡಿ, ಒಡೆದ ಗಡಿಗೆಯ ತಳದಲ್ಲಿ ಹಾಕಿ ಗೂಡಿನ ಬಳಿ ಇಟ್ಟರೆ ಸಾಕು. ಅಡಿಗೆಮನೆಯ ತತ್ತಿಯ ಚಿಪ್ಪುಗಳನ್ನೂ ಒಣಗಿಸಿ, ಆಕಾರ ತಿಳಿಯದಂತೆ ಪುಡಿಮಾಡಿ ಹಾಕಬಹುದು. ಹಾಗೆಯೇ ಎಸೆದರೆ ತತ್ತಿಯನ್ನೇ ಕುಕ್ಕಿ ತಿನ್ನುವ ಚಟವು ಹತ್ತುವ ಭಯವುಂಟು.

ಆದರೆ ಇಲ್ಲಿ ಅವಸರವು ಕೆಡುಕು. ಬೇಗ ಇಡಲೆಂದು ಮೂರು ನಾಲ್ಕು ತಿಂಗಳ ಮರಿಗೇ ಅಂಗಡಿಯ ತತ್ತಿಕೋಳಿಯ ಆಹಾರವನ್ನು ಹಾಕುವವರಿದ್ದಾರೆ. ಆ ಆಹಾರದಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕು ಪಾಲಿನಷ್ಟು ಸುಣ್ಣದ ಅಂಶವಿರುತ್ತದೆ; ಬೆಳೆಯುವ ಕೋಳಿಗೆ ಬೇಕಾದುದು ನೂರಕ್ಕೆ ಒಂದು ಪಾಲು ಮಾತ್ರ. ಹೆಚ್ಚಾದ ಸುಣ್ಣವನ್ನು ಹೊರಹಾಕಿ ಹಾಕಿ ಎಳೆಯ ಹೇಂಟೆಯ ಮೂತ್ರಪಿಂಡಗಳು ಕೆಡುತ್ತವೆ. ಆದುದರಿಂದ ಜುಟ್ಟು ಕೆಂಪೇರಿ, ಮೂಳೆಗಳು ಅಗಲವಾಗತೊಡಗಿದ ಮೇಲೆಯೇ ಆಹಾರವನ್ನು ಬದಲಾಯಿಸತಕ್ಕದ್ದು. ಚಿಪ್ಪಿನ ಚೂರನ್ನು ಬೇರೆಯಾಗಿ ಇಡುವುದರಿಂದ ಈ ತೊಡಕೇ ಇಲ್ಲ. ಬೇಕಾದ ಕೋಳಿಯು ಬೇಕಾದಷ್ಟನ್ನು ತಾನೇ ತಿನ್ನುವುದು.

ಹೊಟ್ಟೆಗೆ ಜೋಳ ಗೋವಿನಜೋಳಗಳ ನುಚ್ಚು ಮಾತ್ರ ಸಾಲದು. ಅದು ಮೈಗೆ ಕೊಬ್ಬನ್ನು ಕೊಡುವುದೇ ಹೊರತು ತತ್ತಿಯ ಬಿಳಿಯ ಭಾಗವನ್ನು ಕಟ್ಟಲಾರದು. ಒಂದು ಹಿಡಿ ಶೇಂಗಾ ಹಿಂಡಿ, ಮನೆಯ ಪಲ್ಯದ ಸೊಪ್ಪಿನ ಕಡ್ಡಿಗಳು, ತಿಪ್ಪೆಯ ಹುಳು ಗೆದ್ದಲುಗಳು ದೊರೆತರೆ ಆ ಕೊರತೆ ತುಂಬುವುದು. ಬೂಸು ಹಿಡಿದ ಹಿಂಡಿಯನ್ನು ಮಾತ್ರ ಎಂದಿಗೂ ಹಾಕಕೂಡದು. ನೀರು ದಿನವೆಲ್ಲ ನೆರಳಿನಲ್ಲಿರಬೇಕು. ತತ್ತಿಯ ಮುಕ್ಕಾಲು ಪಾಲಿನಷ್ಟು ನೀರೇ ಆಗಿದೆ.

ಗೂಡಿನಲ್ಲಿ ತತ್ತಿಯ ಜಾಗವನ್ನು ಹೇಂಟೆಯು ಹುಡುಕಲು ತೊಡಗುವುದಕ್ಕೆ ಮುಂಚೆಯೇ ಸಿದ್ಧಪಡಿಸಬೇಕು. ಒಂದು ಅಡಿ ಅಗಲದ ಬಿದಿರಿನ ಬುಟ್ಟಿ, ಅದರ ತಳದಲ್ಲಿ ತುಸು ಬೂದಿ, ಮೇಲೆ ಒಣಹುಲ್ಲು, ಇಷ್ಟನ್ನು ಮೂಲೆಯ ಅರೆಗತ್ತಲೆಯಲ್ಲಿ ಇರಿಸಿದರೆ ನಾಲ್ಕೈದು ಹೇಂಟೆಗಳಿಗೆ ಒಂದು ಸಾಕಾಗುವುದು. ಬೂದಿಯು ಹೇನನ್ನು ದೂರವಿಡುವುದು. ಹೊಳೆಯ ಬಿಳಿಯ ದುಂಡು ಕಲ್ಲನ್ನೋ ಸುಣ್ಣದಿಂದ ಮಾಡಿದ ಉಂಡೆಯನ್ನೋ ಒಳಗಿಟ್ಟರೆ ಹೇಂಟೆಯು ಅದನ್ನೇ ತತ್ತಿಯೆಂದು ಬಗೆದು ಅಲ್ಲಿಯೇ ಕೂಡುವುದು. ಮೊದಲ ತತ್ತಿಯನ್ನು ಎಲ್ಲಿ ಇಟ್ಟಿತೋ ಅಲ್ಲಿಯೇ ಮುಂದಿನವುಗಳನ್ನೂ ಇಡುವುದು ಅದರ ಸ್ವಭಾವ. ಬಣವೆಯಲ್ಲಿ ಒಂದು ಸಲ ಇಟ್ಟ ಹೇಂಟೆಯನ್ನು ಬುಟ್ಟಿಗೆ ತರುವುದು ಎಷ್ಟು ಕಷ್ಟವೆಂಬುದು ಪ್ರಯತ್ನಿಸಿದವರಿಗೆ ಗೊತ್ತು.

ಕೊಕ್ಕರೆ ರೋಗದ ಲಸಿಕೆ, ಜಂತಿನ ಔಷಧ, ಗೂಡಿನಿಂದ ಗೂಡಿಗೆ ಬದಲಾಯಿಸುವುದು, ಇವೆಲ್ಲವೂ ಈ ಲಕ್ಷಣಗಳು ಕಾಣುವ ಮುಂಚೆಯೇ, ಅಂದರೆ ನಾಲ್ಕು ತಿಂಗಳಿನ ಹೊತ್ತಿಗೇ ಮುಗಿದಿರಬೇಕು. ತತ್ತಿಯ ಹೊಸ್ತಿಲಲ್ಲಿರುವ ಹೇಂಟೆಗೆ ಹೊಸ ಗೂಡು, ನಾಯಿಯ ಕಾಟ, ಹಿಡಿದಾಡುವುದು ಯಾವುದೂ ಆಗದು. ವಾರಗಟ್ಟಲೆ ಹಿಂದೆ ಸರಿದುಬಿಡುವುದು. ಸಂತೆಯಿಂದ ಕೊಂಡು ತಂದ ಹೇಂಟೆಯು, ಮಾರಿದವರು ನಾಳೆಯೇ ಇಡುವುದೆಂದು ಆಣೆಯಿಟ್ಟಿದ್ದರೂ, ತಿಂಗಳವರೆಗೆ ಇಡದಿರುವುದಕ್ಕೆ ಇದೇ ಕಾರಣ. ಮಾರಿದವರು ಸುಳ್ಳು ಹೇಳಿರಲೇಬೇಕೆಂದಿಲ್ಲ.

ಬೆಳಕಿನ ಪ್ರಭಾವವೂ ಗಮನಾರ್ಹವಾದದ್ದು. ಹಗಲು ಬೆಳೆಯುತ್ತಿರುವ ಕಾಲದಲ್ಲಿ ಹರೆಯಕ್ಕೆ ಬಂದ ಹೇಂಟೆಗಳು ಬೇಗ ಇಡುವುವು, ಕುಗ್ಗುತ್ತಿರುವ ಕಾಲದಲ್ಲಿ ಬಂದವು ತಡಮಾಡುವುವು. ಈ ಸೀಮೆಯಲ್ಲಿ ಜೂನ್ ತಿಂಗಳಿನ ಹಗಲು 13 ಗಂಟೆಗಳಷ್ಟು, ಡಿಸೆಂಬರಿನದು 11 ಗಂಟೆಗಳ ಮೇಲೆ ಸ್ವಲ್ಪ. ಯೂರೋಪಿನ ದೇಶಗಳಂತೆ ಭಾರಿ ಅಂತರವಿಲ್ಲ. ಆದುದರಿಂದ ದೀಪದ ಖರ್ಚು ಹಿತ್ತಲಿನ ಐದಾರು ಕೋಳಿಗೆ ತಕ್ಕುದಲ್ಲ. ಕತ್ತಲೆಯ ಬುಟ್ಟಿಯ ಕೆಳಗೆ ಬಿಸಿಲೇರುವವರೆಗೂ ಮುಚ್ಚಿಡದೆ, ಬೆಳಗಾದೊಡನೆ ಹೊರಗೆ ಬಿಟ್ಟರೆ ಅಷ್ಟೇ ಸಾಕು.

ಕೊನೆಗೆ ಮೊದಲ ತತ್ತಿಯ ವಿಷಯ. ಅದು ಪಾರಿವಾಳದ ತತ್ತಿಗಿಂತ ಸ್ವಲ್ಪ ದೊಡ್ಡದಾಗಿದ್ದರೂ ಆಶ್ಚರ್ಯಪಡಬೇಕಿಲ್ಲ. ಚಿಪ್ಪೇ ಇಲ್ಲದೆ ಪೊರೆಯ ಚೀಲದಂತಿರುವುದು, ಹಳದಿಯಿಲ್ಲದೆ ಬರುವುದು, ಎರಡು ಹಳದಿಯಿರುವುದು, ಚಿಪ್ಪಿನ ಮೇಲೆ ರಕ್ತದ ಗೆರೆ ಕಾಣುವುದು, ಇವು ಮೊದಲ ಕೆಲವು ವಾರಗಳಲ್ಲಿ ಅಪರೂಪವಲ್ಲ. ನಾಳದ ಕೆಲಸವು ಕ್ರಮಕ್ಕೆ ಬಂದಂತೆ ತಾವಾಗಿಯೇ ನಿಲ್ಲುವುವು. ಇದನ್ನು ದೃಷ್ಟಿಯೆಂದೋ ಮಾಟವೆಂದೋ ಬಗೆದು ಹೇಂಟೆಯನ್ನು ಕೊಟ್ಟುಬಿಡುವುದು ಅವಿವೇಕ. ಆದರೆ ಹೇಂಟೆಯು ಬಾಲವನ್ನು ಕೆಳಗಿಳಿಸಿ, ಮೈ ಮುದುಡಿಕೊಂಡು, ಮತ್ತೆ ಮತ್ತೆ ಮುಕ್ಕುತ್ತಿದ್ದೂ ತತ್ತಿ ಬಾರದಿದ್ದರೆ, ಅಥವಾ ಗುದದ್ವಾರದಿಂದ ಕೆಂಪು ಮಾಂಸವು ಹೊರಗೆ ಬಂದಿದ್ದರೆ, ಅದನ್ನು ಒಡನೆ ಹಿಂಡಿನಿಂದ ಬೇರ್ಪಡಿಸಬೇಕು. ಕೆಂಪನ್ನು ಕಂಡ ಉಳಿದ ಕೋಳಿಗಳು ಕುಕ್ಕಿ ಕೊಂದುಬಿಡುವುವು. ಅಂಥದನ್ನು ಬುಟ್ಟಿಯಲ್ಲಿ ಮುಚ್ಚಿ ಪಶು ಆಸ್ಪತ್ರೆಗೆ ಒಯ್ಯತಕ್ಕದ್ದು; ಎಣ್ಣೆ ಹಚ್ಚಿ ಕೈಯಿಂದ ಎಳೆಯಲು ಹೋಗಬಾರದು.

ಮೊದಲ ಸರದಿಯ ಸಣ್ಣ ತತ್ತಿಗಳನ್ನು ಕಾವಿಗೆ ಇಡುವುದು ಒಳ್ಳೆಯದಲ್ಲ. ಅವುಗಳಿಂದ ಒಡೆಯುವ ಮರಿಗಳು ಬಲಹೀನವಾಗಿರುತ್ತವೆ. ಅವುಗಳನ್ನು ಮನೆಯ ಮಕ್ಕಳಿಗೆ ಕೊಡಬಹುದು. ಎರಡನೆಯ ಸರದಿಯಲ್ಲಿ ಗಾತ್ರವು ಸರಿಯಾದ ಮೇಲೆ, ಹಿಂಡಿನಲ್ಲಿ ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜನಿರುವಂತೆ ನೋಡಿಕೊಂಡು, ಹತ್ತು ದಿನದೊಳಗಿನ ತತ್ತಿಗಳನ್ನು ಮಾತ್ರ ಆರಿಸಿ ಕಾವಿಗಿಟ್ಟರೆ 21ನೆಯ ದಿನ ಮರಿಗಳು ಹೊರಬರುವುವು. ಆ ದಿನವನ್ನು ಗೋಡೆಯ ಮೇಲೆ ಬರೆದಿಡುವುದು.